ಬೆರಳು ಬಿಡಿಬಿಡಿಯಾಗಿ ಕಾಣಬೇಕು

ಅಂಗಡಿಯ ಶಟರ್ ಇನ್ನೂ ಮೊಣಕಾಲೆತ್ತರಕ್ಕಷ್ಟೇ ಎದ್ದಿದೆ. ಬೀದಿದೀಪ ಆರಿಲ್ಲ. ಕಸ ಗುಡಿಸುವವರ ಪೊರಕೆಯ ಸದ್ದು ಬೀದಿಯ ಆ ತುದಿಯಿಂದ ನಿಧಾನವಾಗಿ ಈ ಕಡೆ ಬರುತ್ತಿದೆ. ಶಟರಿನ ಕೆಳಗಿನಿಂದ ಮೆಟ್ಟಿಲ ಮೇಲೆ ಬಿದ್ದ ನೀಲಿ ಬೆಳಕೊಂದೇ ಒಳಗೆ ಯಾರೋ ಇದ್ದಾರೆ ಎನ್ನುವುದಕ್ಕೆ ಸಾಕ್ಷಿ. ಬಗ್ಗಿ ನೋಡಿದರೆ ಉದ್ದನೆಯ ಮೇಜು, ಮೇಜಿನ ಮೇಲೆ ಬಾಯಿ ತೆರೆದು ಕೂತ ಹಳೆಯ ಲ್ಯಾಪ್‌ಟಾಪ್‌ಗಳ ಸಾಲು, ಅವುಗಳ ಮುಂದೆ ಸ್ಟೂಲಿನ ಮೇಲೆ ಒಬ್ಬ ಹೆಂಗಸು. ಹೆಗಲ ಮೇಲೆ ಮೊಣಕೈ ಹರಿದ ಸ್ವೆಟರ್, ಕೈಯಲ್ಲಿ ಮೆತ್ತನೆಯ ಬಟ್ಟೆ, ಪಕ್ಕದಲ್ಲಿ ಆರಿ ಕೆನೆಗಟ್ಟಿದ ಚಹಾ.

ಎಲ್ಲ ಪರದೆಗಳಲ್ಲೂ ಒಂದೇ ಪಾಠ ಓಡುತ್ತಿದೆ. ಬಿಳಿ ಕೋಟಿನ ಮೇಷ್ಟ್ರೊಬ್ಬರು ಮೇಣದಲ್ಲಿ ಹಲ್ಲು ಕೆತ್ತುವುದು ಹೇಗೆಂದು ತೋರಿಸುತ್ತಿದ್ದಾರೆ. ಆದರೆ ಈಕೆಯ ಕಣ್ಣು ಮೇಷ್ಟ್ರ ಮೇಲಿಲ್ಲ. ಪರದೆಯ ಕೆಳಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಮೇಡಂ ಒಬ್ಬರು ನಿಂತು, ಮೇಷ್ಟ್ರ ಮಾತನ್ನು ಕಿವಿ ಕೇಳದ ಮಕ್ಕಳಿಗಾಗಿ ಕೈಮಾತಿನಲ್ಲಿ ಹೇಳುತ್ತಿದ್ದಾರೆ. ಈಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿರುವುದು ಆ ಮೇಡಂ ಬೆರಳುಗಳನ್ನು.

"ಬೆರಳು ಬಿಡಿಬಿಡಿಯಾಗಿ ಕಾಣ್ಬೇಕು. ಒಂದಕ್ಕೊಂದು ಅಂಟ್ಕೊಂಡ್ರೆ ಗಾಡಿ ಫೇಲು," ಎನ್ನುತ್ತ ಒಂದರ ಮುಚ್ಚಳ ಮುಚ್ಚಿ ಪಕ್ಕಕ್ಕೆ ಸರಿಸುತ್ತಾರೆ. ಲ್ಯಾಪ್‌ಟಾಪನ್ನು 'ಗಾಡಿ' ಎನ್ನುವುದು ಈ ಅಂಗಡಿಯ ರೂಢಿ.

ಇವರಿಗೂ ಈ ಬೀದಿ ಒಂದು ಹೆಸರು ಕೊಟ್ಟಿದೆ: ನೋಡ್ಕೊಂಡಕ್ಕ. ಯಾರೇ ಗಿರಾಕಿ ಬಂದು ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದರೂ ಇವರ ಬಾಯಿಂದ ಬರುವ ಮಾತು ಒಂದೇ, "ನೋಡ್ಕೊಂಡು ತಗೊಳ್ಳಿ." ಮೊದಮೊದಲು ಪಕ್ಕದ ಅಂಗಡಿಯವರು ಅಣಕಿಸಲು ಇಟ್ಟ ಹೆಸರು. ಈಗ ಅಪರಿಚಿತರೂ ಬಂದು, "ಇಲ್ಲಿ ನೋಡ್ಕೊಂಡಕ್ಕ ಅಂತ ಇದ್ದಾರಂತಲ್ಲ, ಅವರೇ ಪರೀಕ್ಷೆ ಮಾಡಿ ಕೊಟ್ಟಿದ್ದು ಬೇಕು" ಎಂದು ಕೇಳುತ್ತಾರೆ. ಅಂಗಡಿಯ ಫಲಕದಲ್ಲಿ ಯಜಮಾನರ ಹೆಸರಿದೆ. ರಸೀದಿಯಲ್ಲೂ ಅದೇ. ಅಕ್ಕನ ಹೆಸರು ಎಲ್ಲೂ ಇಲ್ಲ, ಎಲ್ಲರ ಬಾಯಲ್ಲಿದೆ.

ಇಷ್ಟು ಬೇಗ ಬಂದು ಕೂರುವುದು ಯಾಕೆ? ಯಜಮಾನರೇನೂ ಕರೆದಿಲ್ಲ. ಅವರು ಬರುವ ಹೊತ್ತಿಗೆ ಬಿಸಿಲು ಮೆಟ್ಟಿಲು ಹತ್ತಿರುತ್ತದೆ. "ಈ ಹೊತ್ತಲ್ಲಿ ಬೀದಿ ನೆಟ್ಟೆಲ್ಲ ನಮ್ದೇ," ಎನ್ನುತ್ತಾರೆ ಅಕ್ಕ. "ಅಂಗಡಿಗಳೆಲ್ಲ ತೆಗೆದ ಮೇಲೆ ಚಿತ್ರ ಮಬ್ಬಾಯ್ತು ಅನ್ನಿ, ನೆಟ್ ಸರಿ ಇಲ್ಲ ಅಂತ ಅದರ ತಲೆ ಮೇಲೆ ಹಾಕಿ ಜಾರ್ಕೋಬಹುದು. ಈಗ ಮಬ್ಬಾದ್ರೆ ತಪ್ಪು ಗಾಡೀದೇ. ತಪ್ಪಿಸ್ಕೊಳ್ಳೋ ಹಾಗಿಲ್ಲ."

ಇವರು ಹುಡುಕುವ ತಪ್ಪು ಹೊರಗಿನಿಂದ ಕಾಣುವಂಥದ್ದಲ್ಲ. ಕೀಲಿ ಒಡೆದಿದ್ದರೆ, ಪರದೆ ಬಿರುಕುಬಿಟ್ಟಿದ್ದರೆ ಮಗುವಿಗೂ ಗೊತ್ತಾಗುತ್ತದೆ. ಆದರೆ ಹೊಸ ಸಿನಿಮಾಗಳು, ಶುಲ್ಕ ಕಟ್ಟಿ ನೋಡುವ ಪಾಠಗಳು ಬರುವುದು ಬೀಗ ಹಾಕಿಕೊಂಡು. ಯಾರೂ ಕದ್ದು ನಕಲು ಮಾಡಬಾರದು ಎಂಬ ಬೀಗ. ಲ್ಯಾಪ್‌ಟಾಪಿನ ಒಳಗಿನ ಚಿಪ್ಪು, ಚಿತ್ರ ತೋರಿಸುವ ತಂತ್ರಾಂಶ, ಕೇಬಲ್ಲು, ಕೊನೆಗೆ ಪರದೆ, ಇವಿಷ್ಟೂ ಆ ಬೀಗಕ್ಕೆ ಒಪ್ಪಿಗೆಯಾದರೆ ಮಾತ್ರ ಚಿತ್ರ ಪೂರ್ತಿ ಚಂದದಲ್ಲಿ ಬರುತ್ತದೆ. ಒಂದು ಒಪ್ಪದಿದ್ದರೂ ಚಿತ್ರ ನೀರು ಬೆರೆಸಿದ ಹಾಲಿನಂತೆ ತೆಳ್ಳಗಾಗುತ್ತದೆ, ಇಲ್ಲವೇ ಪರದೆ ಕಪ್ಪಗಾಗಿ ಕೂರುತ್ತದೆ. ಫೋನಿನಲ್ಲಿ ತೆಗೆದ ಮದುವೆ ವಿಡಿಯೊ ಹಾಕಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಅದಕ್ಕೆ ಬೀಗವೇ ಇಲ್ಲವಲ್ಲ! ಹಾಗಾಗಿ ಅಂಗಡಿಯಲ್ಲಿ ಫಳಫಳ ಎಂದ ಗಾಡಿ ಮನೆಗೆ ಹೋಗಿ ಮುಖ ಊದಿಸಿಕೊಳ್ಳುತ್ತದೆ.

ಅಕ್ಕ ಇದನ್ನೇ ಗಿರಾಕಿಗಳಿಗೆ ಹೇಳುವ ಬಗೆ ಬೇರೆ. "ದೊಡ್ಡ ಮನೆ ಅಂದ್ಕೊಳ್ಳಿ. ಹಾದು ಹೋಗೋಕೆ ನಾಲ್ಕಾರು ಬಾಗಿಲು. ಚಿತ್ರ ಒಂದೊಂದು ಬಾಗಿಲು ತಟ್ಟಿ 'ನೀನು ನಮ್ಮವನೇನಪ್ಪ' ಅಂತ ಕೇಳುತ್ತೆ. ಎಲ್ಲರೂ 'ಹೂಂ' ಅನ್ಬೇಕು. ಒಬ್ಬ ಸುಮ್ನಿದ್ರೂ ಮುಗೀತು, ಮುನಿಸ್ಕೊಂಡು ಬಂದ ದಾರಿ ಹಿಡಿಯುತ್ತೆ. ಮುನಿಸ್ಕೊಂಡ ನೆಂಟರನ್ನ ವಾಪಸ್ ಕರೆಯೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ಲ!"

ಹೀಗೆ ನಗಿಸುವಾಗ ಬಲಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತದೆ. ಮೇಲ್ದವಡೆಯ ಮುಂದಿನ ಹಲ್ಲೊಂದು ಇಲ್ಲ. ದೊಡ್ಡ ಪರದೆಯೊಂದನ್ನು ಅಪ್ಪಿಕೊಂಡು ಗೋದಾಮಿನ ಮೆಟ್ಟಿಲು ಇಳಿಯುವಾಗ ಕಾಲು ಜಾರಿತ್ತು. ಕೈಬಿಟ್ಟಿದ್ದರೆ ಕಂಬಿ ಹಿಡಿದು ಬಚಾವಾಗಬಹುದಿತ್ತು, ಬಿಡಲಿಲ್ಲ. "ಪರದೆಗೆ ಒಂದು ಗೀರೂ ಬೀಳಲಿಲ್ಲ ನೋಡಿ. ಗೀರೆಲ್ಲ ನನಗೇ," ಎಂದು ಮತ್ತೆ ನಗುತ್ತಾರೆ, ಮತ್ತೆ ಕೈ ಅಡ್ಡ.

ಅಕ್ಕ ಓದಿದ್ದು ಕಡಿಮೆ. ಮದುವೆಗೆ ಮುಂಚಿನಿಂದಲೂ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಪಟ್ಟಿಯ ಮೇಲೆ ಸಾಲಾಗಿ ಹರಿದು ಬರುವ ಗುಂಡಿಗಳಲ್ಲಿ ತೂತು ಮುಚ್ಚಿದ್ದು, ಅಂಚು ಮುರಿದಿದ್ದು, ಬಣ್ಣ ಹೊಂದದ್ದನ್ನು ಹೆಕ್ಕಿ ತೆಗೆಯಬೇಕಿತ್ತು. ಪಟ್ಟಿ ನಿಲ್ಲುವುದಿಲ್ಲ, ಕಣ್ಣೂ ನಿಲ್ಲುವಂತಿಲ್ಲ. "ಕನಸಲ್ಲೂ ಗುಂಡಿ ಬರ್ತಿದ್ವು. ನನ್ನ ಗಂಡನ ಅಂಗೀಲಿ ಒಂದು ಗುಂಡಿ ತಲೆಕೆಳಗಾಗಿ ಹೊಲಿದಿದ್ರೆ ನಂಗೆ ಊಟ ಸೇರ್ತಿರಲಿಲ್ಲ." ಒಂದು ದಿನ ಕೆಲಸಕ್ಕೆ ಹೋದರೆ ಕಾರ್ಖಾನೆಯ ಗೇಟಿಗೆ ಬೀಗ. ಯಾಕೆ ಏನು ಎಂದು ಹೇಳುವವರೂ ಇಲ್ಲ. ಆಮೇಲೆ ಈ ಅಂಗಡಿಯಲ್ಲಿ ಸಿಕ್ಕಿದ್ದು ಒರೆಸುವ ಕೆಲಸ. ಕಚೇರಿಗಳು ಬಿಸಾಕಿದ ಲ್ಯಾಪ್‌ಟಾಪ್‌ಗಳು ಮೂಟೆಗಟ್ಟಲೆ ಬರುತ್ತವೆ, ಅವುಗಳ ಕೀಲಿಮಣೆಯ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಕೂದಲು, ಇನ್ನೇನೇನೋ. ಬ್ರಷ್ಷು ಹಿಡಿದು ಅದನ್ನೆಲ್ಲ ತೆಗೆಯುವುದು.

ರಿಪೇರಿ ಮೇಜಿನಲ್ಲಿ ಕೂರುವ ಹಿರಿಯರನ್ನು ಎಲ್ಲರೂ ಬೆಸುಗೆಯಣ್ಣ ಎನ್ನುತ್ತಾರೆ. ಬೀಗದ ಚಿತ್ರದ ಗುಟ್ಟು ಅಕ್ಕನಿಗೆ ಹೇಳಿಕೊಟ್ಟವರು ಅವರೇ. "ಗಾಡಿ ತಗೊಂಡು ಹೋದೋರು ವಾರದೊಳಗೆ ವಾಪಸ್ ಬಂದು ಜಗಳ ತೆಗೀತಿದ್ರು. ಸಿನಿಮಾ ಮಬ್ಬು, ಟಿವಿಗೆ ಹಾಕಿದ್ರೆ ಕಪ್ಪು ಅಂತ. ನಂಗೆ ನೂರೆಂಟು ಕೆಲಸ. ಈಯಮ್ಮನಿಗೆ ಒಂದ್ಸಲ ತೋರಿಸ್ದೆ. ಮಾರನೇ ದಿನ ನೋಡಿದ್ರೆ ನನಗಿಂತ ಮುಂಚೆ ಬಂದು ಕೂತಿದ್ದಾಳೆ," ಎನ್ನುತ್ತಾರೆ ಬೆಸುಗೆಯಣ್ಣ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ. ಆಗೆಲ್ಲ ಅಕ್ಕ ಪರೀಕ್ಷೆಗೆ ಹಾಕುತ್ತಿದ್ದುದು ಸಿನಿಮಾದ ಒಂದು ದೃಶ್ಯ. ನಾಯಕಿಯ ಮುಖ ಪರದೆ ತುಂಬ ಬರುತ್ತದೆ, ಕೆನ್ನೆಯ ಮೇಲೆ ಒಂದೆಳೆ ಕೂದಲು. ಆ ಎಳೆ ಕಂಡರೆ ಗಾಡಿ ಪಾಸು.

ಆ ಒಂದೆಳೆ ಕೂದಲನ್ನು ನಂಬಿ ಅಕ್ಕ ಬಹಳ ಕಾಲ ನೆಮ್ಮದಿಯಾಗಿದ್ದರು, ಕಳೆದ ಬೇಸಿಗೆಯ ಒಂದು ಬೆಳಗ್ಗೆ ಬಣ್ಣ ಬಳಿಯುವ ಅಣ್ಣ ತನ್ನ ಮಗಳನ್ನು ಕರೆದುಕೊಂಡು ಬರುವವರೆಗೆ.

ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮಾತು ಕೈಯಲ್ಲಿ. ಎದುರಿಗಿರುವವರ ತುಟಿ ನೋಡಿ ಅಷ್ಟಿಷ್ಟು ಹಿಡಿಯುತ್ತಾಳೆ. ಕೈಕೆಲಸದಲ್ಲಿ ಚುರುಕು, ಸೋಪಿನ ಚೂರಿನಲ್ಲಿ ಗುಬ್ಬಿ ಕೆತ್ತಿದರೆ ಹಾರಿಹೋಗುವ ಹಾಗಿರುತ್ತಿತ್ತು. ಕಟ್ಟುಹಲ್ಲು ತಯಾರಿಸುವ ಕೋರ್ಸಿಗೆ ಅರ್ಜಿ ಹಾಕಿದ್ದಳು, ಸೀಟೂ ಸಿಕ್ಕಿತ್ತು. ಆದರೆ ಮೊದಲ ತಿಂಗಳ ಪಾಠವೆಲ್ಲ ಮನೆಯಲ್ಲೇ ಕೂತು ವಿಡಿಯೊದಲ್ಲಿ ನೋಡಬೇಕು. ಆಮೇಲೆ ಕರೆದು, ಕಲಿತದ್ದನ್ನು ಮೇಣದಲ್ಲಿ ಮಾಡಿ ತೋರಿಸು ಎನ್ನುತ್ತಾರೆ. ಮಾಡಿದರೆ ಸೀಟು ಉಳಿಯಿತು. ತಡವರಿಸಿದರೆ ಕಾದು ನಿಂತ ಇನ್ನೊಬ್ಬರಿಗೆ ಹೋಯಿತು. ಪಾಠವೋ ಬೀಗದ ಪಾಠ. ಸಂಸ್ಥೆಯವರು ಬಿಟ್ಟಿದ್ದ ಮಾದರಿ ಪಾಠವನ್ನು ಅಪ್ಪನ ಫೋನಿನಲ್ಲಿ ಹಾಕಿ ನೋಡಿದರೆ ಮೂಲೆಯ ಮೇಡಂ ಇರುವೆಯಷ್ಟು. ಸೋಮವಾರ ಪಾಠ ಶುರು. ಅಪ್ಪ ಕೂಡಿಟ್ಟದ್ದು ಒಂದು ಗಾಡಿಗಷ್ಟೇ ಸಾಕು, ತಪ್ಪಿ ತಂದರೆ ಇನ್ನೊಂದಕ್ಕೆ ಇಲ್ಲ.

ಹುಡುಗಿ ಆಗಲೇ ಮನಸ್ಸಿನಲ್ಲಿ ಒಂದನ್ನು ಆರಿಸಿಟ್ಟಿದ್ದಳು. ಗಾಜಿನ ಕಪಾಟಿನಲ್ಲಿದ್ದ ಆಕಾಶನೀಲಿ ಬಣ್ಣದ ತೆಳ್ಳನೆಯ ಗಾಡಿ. ದಾರಿಯಲ್ಲಿ ಹೋಗುವಾಗೆಲ್ಲ ನಿಂತು ನೋಡುತ್ತಿದ್ದಳಂತೆ. ಯಜಮಾನರಿಗೂ ಅದೇ ಮುದ್ದು. "ಬಳುಕೋ ಬಳ್ಳಿ ಥರ ಇದೆ, ಒಂದು ಬೆರಳಲ್ಲಿ ಎತ್ತಬಹುದು," ಎಂದು ಎತ್ತಿಯೂ ತೋರಿಸಿದರು.

ಅಣ್ಣ ಹಿಂದಿನ ದಿನ ಫೋನಿನಲ್ಲಿ ವಿಚಾರಿಸಿದಾಗಲೇ ಅಕ್ಕ, ಮನೆಯಲ್ಲಿ ದೊಡ್ಡ ಪರದೆಗೆ ಜೋಡಿಸುವುದಾದರೆ ಅದನ್ನೂ ತನ್ನಿ ಎಂದಿದ್ದರು. ಅಣ್ಣ ಬಣ್ಣದ ಕಲೆ ತುಂಬಿದ ಹಾಸುಬಟ್ಟೆಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದರು. ಮುಚ್ಚಿಹೋದ ಕಚೇರಿಯೊಂದಕ್ಕೆ ಬಣ್ಣ ಬಳಿಯುವಾಗ ಅವರಿಗೆ ಕೊಟ್ಟ ಪರದೆ ಅದು. ದೊಡ್ಡದು, ಗಟ್ಟಿಮುಟ್ಟು.

"ತಗೊಳ್ಳೋದು ಲ್ಯಾಪ್‌ಟಾಪು. ಈ ಹೆಣಭಾರ ಯಾಕಕ್ಕ ಹೊರಿಸಿದ್ರಿ?" ಎಂದರು ಬೆವರೊರೆಸಿಕೊಳ್ಳುತ್ತ.

"ಅಣ್ಣ, ಜೊತೇಲಿ ಬಾಳಬೇಕಾದೋರನ್ನ ಒಂದ್ಸಲ ಎದುರುಬದುರು ಕೂರಿಸಿ ನೋಡ್ಬೇಡ್ವಾ? ಆಮೇಲೆ ನಿಮ್ಮನೇಲಿ ಜಗಳ ಆದ್ರೆ ಬಿಡಿಸೋಕೆ ನಾನು ಬರಲಾ?"

ಆಕಾಶನೀಲಿಯನ್ನು ಆ ಪರದೆಗೆ ಜೋಡಿಸಿದರು. ಪರದೆಗಿದ್ದದ್ದು ಹಳೇ ಕಾಲದ ದಪ್ಪ ನೀಲಿ ಪ್ಲಗ್ಗು, ಹಾಗಾಗಿ ನಡುವೆ ಒಂದು ಪುಟ್ಟ ಕನ್ವರ್ಟರು. ಅಣ್ಣನ ಫೋನಿನಲ್ಲಿದ್ದ ಹುಟ್ಟುಹಬ್ಬದ ವಿಡಿಯೊ ಹಾಕಿದರೆ ಸೊಗಸಾಗಿ ಬಂತು. ಯಜಮಾನರು, "ಆಯ್ತಲ್ಲ ತಾಯಿ, ಇನ್ನೇನು?" ಎಂದರು. ಅಕ್ಕ ಆ ಮಾದರಿ ಪಾಠ ಹಾಕಿದರು.

ಪರದೆ ಕಪ್ಪಾಯಿತು. ಪೂರ್ತಿ ಕಪ್ಪು. ಆ ಕಪ್ಪಿನೊಳಗಿಂದ ಮೇಷ್ಟ್ರ ದನಿ ಮಾತ್ರ ಗಂಟೆ ಹೊಡೆದಂತೆ ಸ್ಪಷ್ಟವಾಗಿ ಬರುತ್ತಿತ್ತು.

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಪರದೆಯನ್ನೇ ನೋಡುತ್ತ, "ಅವಳಿಗೆ ಬೇಡವಾಗಿದ್ದು ಅದೊಂದೇ. ಅದೊಂದೇ ಬರ್ತಿದೆ ಅಕ್ಕ," ಎಂದರು.

ಅಕ್ಕ ಒಂದೊಂದೇ ಬಾಗಿಲು ತಟ್ಟಿದರು. ಕೇಬಲ್ ಬದಲಾಯಿಸಿದರು, ಕಪ್ಪು. ಬೇರೆ ಕನ್ವರ್ಟರು, ಕಪ್ಪು. ಅಂಗಡಿಯದೇ ಟಿವಿಗೆ ಜೋಡಿಸಿದರು, ಚಿತ್ರ ಬಂತು. ಅಂದರೆ ಗಾಡಿ ಸರಿ ಇದೆ, ಕೇಬಲ್ ಸರಿ ಇದೆ. ಬೀಗಕ್ಕೆ ಉತ್ತರ ಕೊಡಲು ಬಾರದ್ದು ಅಣ್ಣ ಹೊತ್ತು ತಂದ ಪರದೆಗೆ. "ಇದನ್ನ ಏನಾದ್ರೂ ಮಾಡೋಕಾಗುತ್ತಾ ಅಣ್ಣ?" ಎಂದು ಬೆಸುಗೆಯಣ್ಣನನ್ನು ಕೇಳಿದರೆ ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ರೋಗ ಅಲ್ಲಮ್ಮ, ಹುಟ್ಟುಗುಣ. ಸುಟ್ಟರೂ ಹೋಗಲ್ಲ" ಎಂದರು.

ಯಜಮಾನರು ಕೆಟ್ಟವರಲ್ಲ, ಅವಸರದವರು. "ಗಾಡಿ ಪಾಸಾಯ್ತಲ್ಲ? ಅದರ ಸ್ವಂತ ಪರದೇಲೇ ನೋಡ್ಕೊಳ್ಳಲಿ ಬಿಡು. ಮಗೂಗೂ ಇಷ್ಟ," ಎಂದರು. ಹುಡುಗಿಗೆ ಅಪ್ಪ ಸನ್ನೆಯಲ್ಲಿ ಹೇಳಿದರು. ಅವಳು ಆಕಾಶನೀಲಿಯ ಮುಂದೆ ಕೂತು ಪಾಠ ನೋಡಿದಳು. ತೆಳ್ಳನೆಯ ಗಾಡಿ, ಪುಟ್ಟ ಪರದೆ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು. ಆಮೇಲೆ ತಲೆಯೆತ್ತಿ, ಸಾಕು, ಇದು ಸಾಕು ಎಂದು ಜೋರಾಗಿ ತಲೆಯಾಡಿಸಿದಳು.

ಅಷ್ಟು ಜೋರಾಗಿ ಆಡಿಸಿದ್ದಕ್ಕೇ ತಮಗೆ ಅನುಮಾನ ಬಂತು ಎನ್ನುತ್ತಾರೆ ಅಕ್ಕ. "ನನ್ನ ಮಗಳು ಪುಟ್ಟಿನೂ ಹಂಗೇ. ಇಷ್ಟವಾದ ಚಪ್ಪಲಿ ಕಾಲು ಕಚ್ಚುತ್ತಿದ್ರೂ ಅಂಗಡೀಲಿ ಕುಣಿದು ತೋರಿಸ್ತಾಳೆ, ಮನೇಗೆ ಬಂದ ಮೇಲೆ ಅಳ್ತಾಳೆ." ಅವರು ಅಣ್ಣನಿಗೆ ಹೇಳಿದರು: ಮೂಲೆಯ ಮೇಡಂ ಏನು ಹೇಳುತ್ತಾರೋ ಅದನ್ನ ಹಾಗೇ ಮಾಡಿ ತೋರಿಸೋಕೆ ಹೇಳಿ.

ಹುಡುಗಿಯ ಕೈಗಳು ಎದ್ದವು. ಸ್ವಲ್ಪ ದೂರ ಮೇಡಂ ಜೊತೆಗೇ ಓಡಿದವು. ಆಮೇಲೆ ಹಿಂದೆ ಬಿದ್ದವು. ಆಮೇಲೆ ಗಾಳಿಯಲ್ಲಿ ಹಾಗೇ ನಿಂತುಬಿಟ್ಟವು. ಅವಳು ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಆಕಾಶನೀಲಿಯ ಮುಚ್ಚಳವನ್ನು ಅವಳೇ ಮುಚ್ಚಿದಳು.

ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಅಣ್ಣ ಹಾಸುಬಟ್ಟೆ ಮಡಿಸತೊಡಗಿದ್ದರು. ಅಕ್ಕ ಸ್ಟೂಲಿನಿಂದ ಇಳಿದು, ಕೆಳಗಿನ ಕಪಾಟಿನ ಹಿಂದಕ್ಕೆ ಕೈ ಹಾಕಿ, ಎರಡೂ ಕೈಯಲ್ಲಿ ಒಂದನ್ನು ಎಳೆದು ತಂದು ಮೇಜಿನ ಮೇಲೆ ಧೊಪ್ಪನೆ ಇಟ್ಟರು. ಅಂಗಡಿಯಲ್ಲಿ ಅದರ ಹೆಸರೇ ಎಮ್ಮೆ. ಕರ್ರಗೆ, ದಪ್ಪಗೆ, ಮೂಲೆ ಸವೆದು, ಅರ್ಧ ಕೀಲಿಗಳ ಮೇಲೆ ಅಕ್ಷರವೇ ಅಳಿಸಿಹೋಗಿತ್ತು. ಆದರೆ ಪರದೆ ಮಾತ್ರ ಅಗಲವೆಂದರೆ ಅಗಲ, ಆಕಾಶನೀಲಿಯನ್ನು ನುಂಗಿ ನೀರು ಕುಡಿಯುವಷ್ಟು.

"ಅಯ್ಯೋ, ಆ ಎಮ್ಮೇನಾ?" ಯಜಮಾನರು ಹಣೆ ಚಚ್ಚಿಕೊಂಡರು. "ಎಳೇ ಮಗು ಕಣಮ್ಮ, ಹೊರೋಕಾಗುತ್ತಾ ಅದನ್ನ?"

"ಹೊರೋದ್ಯಾಕೆ? ಎಮ್ಮೇನ ಯಾರಾದ್ರೂ ಹೊರ್ತಾರಾ, ಮನೇಲಿ ಕಟ್ಟಿ ಹಾಕೋದು. ಅಣ್ಣ, ಹೊರಗಿನ ಪರದೆ ಬೇಡ, ಕೇಬಲ್ ಬೇಡ, ಕನ್ವರ್ಟರೂ ಬೇಡ. ಬಾಗಿಲು ಕಡಿಮೆ ಇದ್ದಷ್ಟೂ ಜಗಳ ಕಡಿಮೆ."

ಪಾಠ ಹಾಕಿದರು. ಮೇಷ್ಟ್ರ ಮುಖ ದೊಡ್ಡದಾಗಿ ಬಂತು. ಮೀಸೆ ಕಾಣಿಸಿತು, ಕನ್ನಡಕ ಕಾಣಿಸಿತು. ಅಕ್ಕನಿಗೆ ಹಿಗ್ಗು. ಹುಡುಗಿಯ ಕಡೆ ತಿರುಗಿ, "ನೋಡು ಪುಟ್ಟಾ, ಎಷ್ಟು ಚೆನ್ನಾಗಿ ಕಾಣುತ್ತೆ!" ಎಂದರು. ನಗು ಬಂದಿತ್ತಲ್ಲ, ಕೈ ಬಾಯಿಗೆ ಅಡ್ಡ ಹೋಗಿತ್ತು.

ಹುಡುಗಿ ಪರದೆ ನೋಡಲಿಲ್ಲ. ಅಕ್ಕನ ಕೈಯನ್ನೇ ನೋಡಿ ಹುಬ್ಬು ಗಂಟಿಕ್ಕಿದಳು. ಎದ್ದು ಬಂದು, ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ತಪ್ಪು ತಿಳ್ಕೋಬೇಡಿ ಅಕ್ಕ," ಅಣ್ಣ ಗಾಬರಿಯಾದರು. "ಅವಳು ತುಟಿ ನೋಡಿ ಅರ್ಥ ಮಾಡ್ಕೊಳ್ತಾಳೆ. ಬಂದಾಗಿಂದ ನೀವು ಅರ್ಧ ಮಾತು ಕೈ ಅಡ್ಡ ಇಟ್ಕೊಂಡೇ ಆಡ್ತಿದ್ದೀರಿ. ಅವಳಿಗೆ ಏನೂ ತಿಳೀತಿಲ್ಲ."

ಆ ಮಾತು ನೆನೆಯುವಾಗ ಅಕ್ಕ ಈಗಲೂ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಡುತ್ತಾರೆ. "ಊರಿಗೆಲ್ಲ ಬಾಗಿಲು ತೆಗೀರಿ ಅಂತ ಹೇಳ್ತಿದ್ದೋಳು ನಾನು. ನನ್ನ ಬಾಗಿಲೇ ಮುಚ್ಚಿತ್ತಲ್ಲ." ಅವತ್ತು ಕೈ ಇಳಿಸಿ, ಹಲ್ಲಿಲ್ಲದ ಬಾಯಿ ತೆರೆದು, ನಿಧಾನವಾಗಿ ಇನ್ನೊಮ್ಮೆ ಹೇಳಿದರು: ಚೆನ್ನಾಗಿ ಕಾಣುತ್ತಾ?

ಹುಡುಗಿ ಆ ಸಂದಿಯನ್ನು ನೋಡಿದ ರೀತಿಯೇ ಬೇರೆ. ನಾಚಿಕೆಯಿಲ್ಲ, ಮರುಕವಿಲ್ಲ. ದರ್ಜಿ ಬಟ್ಟೆ ನೋಡುತ್ತಾನಲ್ಲ, ಹಾಗೆ ತಲೆ ಓರೆ ಮಾಡಿ ಅಳೆದೂ ಸುರಿದೂ ನೋಡಿದಳು. ಆಮೇಲೆ ಪರದೆಯ ಮೂಲೆಗೆ ಬೆರಳಿಟ್ಟು, ಇಲ್ಲ ಎಂದು ತಲೆಯಾಡಿಸಿದಳು. ತನ್ನ ಐದೂ ಬೆರಳು ಒಟ್ಟಿಗೆ ಒತ್ತಿ ಹಿಟ್ಟಿನ ಉಂಡೆಯಂತೆ ಮಾಡಿ ತೋರಿಸಿದಳು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹೌದು. ಮೇಷ್ಟ್ರ ಮುಖ ಎಷ್ಟೇ ಚೆಂದವಿರಲಿ, ಮೂಲೆಯ ಮೇಡಂ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೈ ಬೀಸಿದಾಗೆಲ್ಲ ಒಂದು ಮಬ್ಬು ಗೆರೆ, ಅಷ್ಟೇ. "ಮುಖ ಸ್ವಲ್ಪ ಮಬ್ಬಾದ್ರೂ ನಮ್ಮ ಮನಸ್ಸು ತುಂಬ್ಕೊಂಡು ಬಿಡುತ್ತೆ. ಮುಖ ನೋಡಿ ನೋಡಿ ಅಭ್ಯಾಸ ಅಲ್ವಾ? ಬೆರಳನ್ನ ಹಾಗೆ ತುಂಬ್ಕೊಳ್ಳೋಕಾಗಲ್ಲ. ಇಷ್ಟು ಕಾಲ ನಾನು ನೋಡಿದ್ದು ಬರೀ ಮುಖ," ಎನ್ನುತ್ತಾರೆ.

ಬೀಗ ಎಲ್ಲೋ ಒಳಗೇ ಸಿಕ್ಕಿಕೊಂಡಿತ್ತು. ಪಾಠ ತೆರೆಯುವ ಬ್ರೌಸರ್ ಬದಲಾಯಿಸಿ ನೋಡಿದರು. ಒಂದು ಚೂರು ಸುಧಾರಿಸಿತು, ಸಾಲದು. ಬೆಸುಗೆಯಣ್ಣ ತಮ್ಮ ಮೇಜಿನಿಂದಲೇ, "ಚಿತ್ರದ ಚಿಪ್ಪಿನ ತಂತ್ರಾಂಶ ಯಾವ ಕಾಲದ್ದೋ ಏನೋ, ಹೊಸದು ಹಾಕಿ ನೋಡಮ್ಮ" ಎಂದು ಕೂಗಿದರು. ಹಾಕಿದರು. ಎಮ್ಮೆ ಒಮ್ಮೆ ಆರಿ, ಒಳಗೆ ಫ್ಯಾನು ತಿರುಗಿಸಿಕೊಂಡು, ಆಕಳಿಸಿಕೊಂಡು, ಕೊನೆಗೂ ಎದ್ದಿತು. ಅಷ್ಟರಲ್ಲಿ ಎಲ್ಲರ ಚಹಾ ಆರಿತ್ತು. ಯಜಮಾನರು ಕೂಡ ಗಿರಾಕಿಗಳನ್ನು ಬಿಟ್ಟು ಬಂದು ಹಿಂದೆ ನಿಂತಿದ್ದರು.

ಮತ್ತೆ ಪಾಠ. ಮೂಲೆಯಲ್ಲಿ ಮೇಡಂ ಕೈ ಎತ್ತಿದರು. ಹೆಬ್ಬೆರಳು ಬೇರೆ, ತೋರುಬೆರಳು ಬೇರೆ, ಉಂಗುರದ ಬೆರಳಿನಲ್ಲಿ ಉಂಗುರ ಕೂಡ!

ಹುಡುಗಿಯ ಕೈಗಳು ತಾವಾಗಿ ಎದ್ದವು. ಯಾರೂ ಹೇಳಿರಲಿಲ್ಲ. ಮೇಡಂ ಬೆರಳು ಹೋದಲ್ಲಿ ಅವಳ ಬೆರಳು ಹೋಯಿತು, ಅವರು ತಿರುಗಿಸಿದಲ್ಲಿ ಇವಳೂ ತಿರುಗಿಸಿದಳು, ಎಲ್ಲೂ ಎಡವಲಿಲ್ಲ. ಅಣ್ಣ ಮಗಳ ಕೈ ನೋಡುತ್ತ, ಅದು ಹೇಳಿದ್ದನ್ನು ತಗ್ಗಿದ ದನಿಯಲ್ಲಿ ಬಾಯಿಬಿಟ್ಟು ಹೇಳತೊಡಗಿದರು: ಮೇಣ ಆರೋವರೆಗೆ ಕಾಯಿರಿ, ಅಂಚಿಂದ ಶುರು ಮಾಡಿ, ಚಾಕು ಒತ್ತಬೇಡಿ, ಜಾರಲು ಬಿಡಿ. ಅದೇ ಹೊತ್ತಿಗೆ ಎಮ್ಮೆಯೊಳಗಿನ ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. ಎರಡು ದನಿ, ಒಂದೇ ಮಾತು.

"ಅಣ್ಣನ ಕಣ್ಣಲ್ಲಿ ನೀರು ಬಂತು. ಬಣ್ಣದ ಕೈಯಲ್ಲೇ ಒರೆಸ್ಕೊಂಡ್ರು, ಕೆನ್ನೆ ಮೇಲೆ ಹಸಿರು ಗೆರೆ," ಎಂದು ಅಕ್ಕ ನೆನೆಯುತ್ತಾರೆ. ಯಜಮಾನರು, ಆ ಹಳೇ ಪರದೆ ಇಲ್ಲೇ ಬಿಟ್ಟು ಹೋಗಿ, ಲೆಕ್ಕದಲ್ಲಿ ನಾನು ಸರಿಮಾಡಿಕೊಳ್ಳುತ್ತೇನೆ ಎಂದರಂತೆ. ಹೋಗುವಾಗ ಹುಡುಗಿ ಗಾಜಿನ ಕಪಾಟಿನ ಕಡೆ ಒಮ್ಮೆ ತಿರುಗಿ ನೋಡಿದ್ದನ್ನೂ ಅಕ್ಕ ಮುಚ್ಚಿಡುವುದಿಲ್ಲ. "ನೋಡೇ ನೋಡಿದ್ಲು. ವಯಸ್ಸು ಅಂಥದ್ದು. ಆದ್ರೆ ಎಮ್ಮೇನ ಅಪ್ಪಂಗೂ ಕೊಡದೆ ತಾನೇ ಎತ್ಕೊಂಡು ಹೋದ್ಲು, ಮಗು ಎತ್ಕೊಂಡ ಹಾಗೆ."

ಅಂದಿನಿಂದ ನಾಯಕಿಯ ಕೆನ್ನೆಯ ಕೂದಲಿಗೆ ಕೆಲಸವಿಲ್ಲ. ಪಾಠ ಕೊಡುವ ಸಂಸ್ಥೆಯವರು ಎಲ್ಲರಿಗೂ ನೋಡಲು ಬಿಟ್ಟಿರುವ, ಆದರೆ ಬೀಗ ಬಿಚ್ಚದ ಆ ಮಾದರಿ ಪಾಠವೇ ಈಗ ಅಕ್ಕನ ಒರೆಗಲ್ಲು. ಸಿನಿಮಾ ನೋಡುವವರಿಗೆ ಕೊಡುವ ಗಾಡಿಯೂ ಬೆರಳಿನ ಪರೀಕ್ಷೆ ದಾಟಿಯೇ ಹೋಗಬೇಕು. ಫೇಲಾದದ್ದನ್ನು ಬಚ್ಚಿಡುವುದಿಲ್ಲ. "ಇದು ಪತ್ರ ಬರೆಯೋಕೆ, ಲೆಕ್ಕ ಇಡೋಕೆ ಬೇಕಾದಷ್ಟಾಯ್ತು. ಪಾಠ ಸಿನಿಮಾ ಅಂದ್ರೆ ಬೇಡ" ಎಂದು ಮುಖಕ್ಕೇ ಹೇಳಿ ಕೊಡುತ್ತಾರೆ. ಅಣ್ಣ ಬಿಟ್ಟು ಹೋದ ಪರದೆ ಬಾಗಿಲ ಪಕ್ಕದಲ್ಲಿದೆ. ನಂಬದ ಗಿರಾಕಿಗೆ ಅದರ ಮೇಲೆ ಮದುವೆ ವಿಡಿಯೊ ಹಾಕಿ ತೋರಿಸಿ, ಆಮೇಲೆ ಬೀಗದ ಚಿತ್ರ ಹಾಕಿ ಕಪ್ಪು ಮಾಡಿ ತೋರಿಸುತ್ತಾರೆ. ಯುವಕರೊಬ್ಬರು, "ಅಕ್ಕ, ಇಷ್ಟೆಲ್ಲ ಹೆಣ್ಣು ನೋಡೋಕೆ ಹೋದಾಗ್ಲೂ ನಾನು ವಿಚಾರಿಸಿರಲಿಲ್ಲ" ಎಂದರೆ, "ಅದಕ್ಕೇ ಈಗ ಒಬ್ಬರೇ ಕೂತು ಸಿನಿಮಾ ನೋಡೋಕೆ ಗಾಡಿ ತಗೊಳ್ತಿರೋದು" ಎಂದು ತಿರುಗೇಟು. ಯಜಮಾನರು ಗೊಣಗುತ್ತಾರೆ, "ಇವಳಿಂದ ಒಂದು ಗಾಡಿ ಹೋಗೋಕೆ ಅರ್ಧ ದಿನ." ಆದರೆ ಜಗಳಕ್ಕೆಂದು ವಾಪಸ್ ಬರುವವರು ಕಡಿಮೆಯಾಗಿದ್ದಾರೆ ಎಂಬುದನ್ನೂ ಅವರೇ ಹೇಳುತ್ತಾರೆ, ಅಕ್ಕ ಒಳಗೆ ಹೋದಾಗ.

ಈ ಕೆಲಸಕ್ಕೆ ಮೈ ತೆರುವುದೂ ಇದೆ. ಸಂಜೆ ಹೊತ್ತಿಗೆ ಕಣ್ಣು ಉರಿದು ನೀರು ಸುರಿಯುತ್ತದೆ. ಗಂಡ ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಅವರು ಮೆಟ್ಟಿಲು ಹತ್ತುವಾಗ ಇವರು ಇಳಿಯುತ್ತಾರೆ. ನಡುವಿನ ಮೆಟ್ಟಿಲಲ್ಲಿ ಮನೆಯ ಬೀಗದಕೈ ಕೈ ಬದಲಾಯಿಸುತ್ತದೆ. ಜೊತೆಗೆ ನಾಲ್ಕು ಮಾತು: ಪುಟ್ಟಿಗೆ ಕೆಮ್ಮಿದೆ, ಸಮವಸ್ತ್ರ ಕುರ್ಚಿ ಮೇಲಿದೆ, ಹಾಲು ಉಕ್ಕಿಸಬೇಡಿ. "ನಮ್ಮ ಸಂಸಾರ ಎಲ್ಲ ಆ ಮೆಟ್ಟಿಲ ಮೇಲೇ. ಇಬ್ಬರಲ್ಲಿ ಒಬ್ಬರು ಸುಮ್ನಿದ್ರೆ ಅವತ್ತು ಮಗು ಸ್ಕೂಲಿಗೆ ಹೋಗಲ್ಲ," ಎನ್ನುತ್ತಾರೆ ಅಕ್ಕ. ರಜೆಯ ದಿನ ಮಗಳ ಜಡೆ ಹಾಕುವಾಗ ತಮಗೆ ಗೊತ್ತಿಲ್ಲದೆ ಕೈ ಸನ್ನೆ ಮಾಡುತ್ತದೆ. ದಿನವೂ ಅದೇ ಪಾಠ ನೋಡಿ ನೋಡಿ ಮೇಣ, ಚಾಕು, ಕಾಯಿರಿ ಎಂಬ ಮಾತುಗಳು ಬೆರಳಿಗೆ ಬಂದಿವೆ. "ಅಮ್ಮಾ, ಜಡೆ ಹಾಕ್ತೀಯೋ ಡ್ಯಾನ್ಸ್ ಮಾಡ್ತೀಯೋ?" ಎಂದು ಪುಟ್ಟಿ ರೇಗುತ್ತಾಳೆ.

ಹುಡುಗಿಯ ಸೀಟು? ಉಳಿಯಿತು. ಮೇಣದ ಪರೀಕ್ಷೆ ಮುಗಿದ ಸಂಜೆ ಅಪ್ಪ ಮಗಳು ನೇರ ಅಂಗಡಿಗೇ ಬಂದರು. ಅವಳು ಬೆಂಕಿಪೊಟ್ಟಣವೊಂದನ್ನು ಅಕ್ಕನ ಮುಂದೆ ತೆರೆದಿಟ್ಟಳು. ಒಳಗೆ ಹತ್ತಿಯ ಮೇಲೆ ಒಂದು ಮೇಣದ ಹಲ್ಲು. ಅವತ್ತು ನೋಡಿದ ಸಂದಿಯನ್ನು ನೆನಪಿಟ್ಟುಕೊಂಡು, ಪಕ್ಕದ ಹಲ್ಲಿನ ಸಣ್ಣ ಓರೆಯನ್ನೂ ಬಿಡದೆ ಕೆತ್ತಿದ್ದಳು. ಕೋರ್ಸು ಮುಗಿದ ಮೇಲೆ, ವೈದ್ಯರು ಅಳತೆ ತೆಗೆದುಕೊಟ್ಟರೆ, ತಾನು ಮಾಡುವ ಮೊದಲ ನಿಜವಾದ ಹಲ್ಲು ಇದೇ ಎಂದು ಅವಳ ಕೈ ಹೇಳಿತು. ಅಣ್ಣ ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ಅಕ್ಕನಿಗೆ ಅರ್ಧ ತಿಳಿದಿತ್ತು.

ಆ ಬೆಂಕಿಪೊಟ್ಟಣ ಈಗ ಮೇಜಿನ ಮೂಲೆಯಲ್ಲಿ, ಚಹಾದ ಲೋಟದ ಪಕ್ಕದಲ್ಲಿದೆ. ಹೊರಗೆ ಬೆಳಕು ಹರಿದಿದೆ. ಅಕ್ಕ ಎದ್ದು ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿ ಬಂದು ಕೂರುತ್ತಾರೆ. ಇನ್ನು ಬೀದಿಯ ನೆಟ್ಟು ಎಲ್ಲರದ್ದು.

ಏನಾದರೂ ಆಸೆ ಇದೆಯೇ ಎಂದರೆ ಸ್ವಲ್ಪ ಯೋಚಿಸುತ್ತಾರೆ. "ದೊಡ್ಡದೇನಿಲ್ಲ. ಆ ಹಲ್ಲು ಬರಲಿ. ಕೈ ಅಡ್ಡ ಇಡದೆ ಒಂದ್ಸಲ ಜೋರಾಗಿ ನಗ್ಬೇಕು." ಮತ್ತೆ ಏನೋ ನೆನಪಾದವರಂತೆ ಬೆರಳೆತ್ತುತ್ತಾರೆ. "ಹಾಗಂತ ಪುಕ್ಕಟೆ ಸಿಗುತ್ತೆ ಅಂತ ಸುಮ್ನೆ ಬಾಯಿಗೆ ಹಾಕ್ಕೊಳ್ಳಲ್ಲ. ಬೆಳಕಿಗೆ ಹಿಡಿದು, ನಾಲ್ಕೂ ಕಡೆ ತಿರುಗಿಸಿ, ನೋಡ್ಕೊಂಡೇ ತಗೊಳ್ಳೋದು. ಹುಡುಗೀಗೂ ಹೇಳಿದ್ದೀನಿ."

ಹೇಳಿದ್ದಕ್ಕೆ ತಮಗೇ ನಗು ಬರುತ್ತದೆ. ಬಲಗೈ ರೂಢಿಯಂತೆ ಬಾಯಿಯ ಕಡೆ ಏರಿ, ಅರ್ಧದಲ್ಲೇ ನಿಂತು, ಹಾಗೇ ಇಳಿದು ಮುಂದಿನ ಗಾಡಿಯ ಮುಚ್ಚಳ ತೆರೆಯುತ್ತದೆ.